ಮೂಗು ಕಲಿಸುವ ಸೈರಣೆ



ನನ್ನ ಬಳಿಗೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬರುತ್ತಾಳೆ. ನಂಜನಗೂಡು ಕಡೆಯ ಹಳ್ಳಿಯವಳು. ಅವಳಿಗೆ ಸಕ್ಕರೆ ಕಾಯಿಲೆ. ದೊಡ್ಡವರಿಗೆ ನಡುವಯಸ್ಸಿನಲ್ಲಿ ಬರುವಂಥದ್ದಲ್ಲ. ಹೆಚ್ಚಾಗಿ ಮಕ್ಕಳಿಗೆ ಬರುವ, ಡಾಕ್ಟರುಗಳು ಟೈಪ್ ಒನ್ ಎನ್ನುವ ಬಗೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಸಿಕೊಳ್ಳಬೇಕು. ಮನೆಯಲ್ಲಿ ಫ್ರಿಜ್ ಇಲ್ಲ. ಅವಳ ತಾಯಿ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ, ಬೆಳಿಗ್ಗೆ ಸಂಜೆ ಆ ಮರಳಿಗೆ ನೀರು ಚಿಮುಕಿಸುತ್ತಾಳೆ. ಒಳಗಿನ ಮಡಕೆಯಲ್ಲಿ ಇನ್ಸುಲಿನ್ ಸೀಸೆ. ಬೇಸಿಗೆಯಲ್ಲೂ ಅದು ತಣ್ಣಗಿರುತ್ತದೆ.

ಹೋದ ಸಲ ಬಂದಾಗ ಹುಡುಗಿ ಕೇಳಿದಳು: "ಡಾಕ್ಟ್ರೆ, ನಮ್ಮಜ್ಜಿಗೆ ನೆಗಡಿ ಆದ್ರೆ ಮೂಗಿಗೆ ಹನಿ ಬಿಡ್ತಾರೆ. ನಂಗೂ ಹಂಗೇ ಬಿಡಬಾರ್ದಾ? ಯಾಕೆ ಚುಚ್ತಾರೆ?"

ನಾನು ಚಿಕ್ಕ ಉತ್ತರ ಕೊಟ್ಟೆ. "ಮೂಗಿಗೆ ಬಿಟ್ರೆ ರಕ್ತಕ್ಕೆ ಸಾಕಷ್ಟು ಹೋಗಲ್ಲ ಪುಟ್ಟಿ, ಸಕ್ಕರೆ ಇಳಿಯಲ್ಲ" ಅಂದೆ. ಅದು ಸುಳ್ಳಲ್ಲ. ಆದರೆ ಪೂರ್ತಿ ಉತ್ತರವೂ ಅಲ್ಲ. ಮಕ್ಕಳ ಮೂಗಿಗೆ ಇನ್ಸುಲಿನ್ ಬಿಟ್ಟವರು ಇದ್ದಾರೆ. ಸಕ್ಕರೆ ಇಳಿಸಲು ಅಲ್ಲ, ಮೈಗೆ ಒಂದು ಪಾಠ ಕಲಿಸಲು. ಆ ಪಾಠದ ಕಥೆ ಇವತ್ತಿನ ಮಾತು.

ಮೊದಲಿಗೆ ಒಂದು ಕಲ್ಪನೆ ಮಾಡಿಕೊಳ್ಳಿ. ಮಾಡಿಕೊಂಡರೆ ಸಾಕು, ಮಾಡಿ ನೋಡಬೇಡಿ. ಸ್ಯಾಕರಿನ್ ಎಂಬ ಸಿಹಿ ಪುಡಿಯ ಸಾಸಿವೆಯಷ್ಟು ಚೂರನ್ನು ನಿಮ್ಮ ಮೂಗಿನ ಹೊಳ್ಳೆಯ ಒಳಗೆ, ತುಸು ಹಿಂದಕ್ಕೆ, ಇಟ್ಟಿದ್ದೇನೆ ಅಂದುಕೊಳ್ಳಿ. ಮೂಗಿನ ವೈದ್ಯರು ಮಾಡುವ ಒಂದು ಹಳೆಯ ಪರೀಕ್ಷೆ ಇದು. ಆ ಚೂರು ಅಲ್ಲಿರಲಿ. ಅದರ ನೆನಪು ನಿಮಗೂ ಇರಲಿ. ಆಮೇಲೆ ಮತ್ತೆ ಅದರ ಹತ್ತಿರ ಬರುತ್ತೇನೆ.

ಈಗ ಹುಡುಗಿಯ ಕಾಯಿಲೆ. ನಮ್ಮ ಹೊಟ್ಟೆಯೊಳಗೆ, ಜಠರದ ಹಿಂಬದಿಯಲ್ಲಿ, ಮೇದೋಜೀರಕ ಗ್ರಂಥಿ ಎಂಬ ಅಂಗ ಇದೆ. ಅದರಲ್ಲಿ ಅಲ್ಲಲ್ಲಿ ಪುಟ್ಟ ಪುಟ್ಟ ಗುಂಪುಗಳಾಗಿ ಕೆಲವು ಜೀವಕೋಶಗಳು ಕೂತಿರುತ್ತವೆ. ಇನ್ಸುಲಿನ್ ತಯಾರಿಸುವುದು ಅವೇ. ಈ ಕಾಯಿಲೆಯಲ್ಲಿ ನಮ್ಮದೇ ಬಿಳಿ ರಕ್ತಕಣಗಳು ಆ ಗುಂಪುಗಳಿಗೆ ನುಗ್ಗಿ ಒಂದೊಂದಾಗಿ ಕೊಲ್ಲುತ್ತವೆ. ಹೊರಗಿನಿಂದ ಬಂದ ರೋಗಾಣು ಎಂದು ತಪ್ಪು ತಿಳಿದು ಮನೆಯವರನ್ನೇ ಹೊಡೆಯುತ್ತವೆ.

ಹೀಗೆ ತನ್ನ ಮೈಯ ಮೇಲೆ ತಾನೇ ತಿರುಗಿ ಬೀಳುವ ಕಾಯಿಲೆಗಳಿಗೆ ಆಟೋಇಮ್ಯೂನ್ ಕಾಯಿಲೆಗಳು ಎಂದು ಹೆಸರು. ಕೀಲುಗಳ ಮೇಲೆ ಬಿದ್ದರೆ ರುಮಟಾಯ್ಡ್ ಸಂಧಿವಾತ. ಮಿದುಳು, ಬೆನ್ನುಹುರಿಗಳ ನರಗಳ ಹೊದಿಕೆಯ ಮೇಲೆ ಬಿದ್ದರೆ ಮಲ್ಟಿಪಲ್ ಸ್ಕ್ಲೆರೋಸಿಸ್. ಇನ್ಸುಲಿನ್ ಕೋಶಗಳ ಮೇಲೆ ಬಿದ್ದರೆ ನಮ್ಮ ಹುಡುಗಿಯ ಕಾಯಿಲೆ.

ಇದಕ್ಕೆ ಎಲ್ಲರೂ ಹೇಳುವ ಗಾದೆ ಒಂದಿದೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತ. ನನಗೆ ಆ ಗಾದೆ ಇಲ್ಲಿ ಅಷ್ಟಾಗಿ ಒಪ್ಪುವುದಿಲ್ಲ. ಬೇಲಿಗೆ ದುರಾಸೆ ಇರುತ್ತದೆ. ಈ ರಕ್ತಕಣಗಳಿಗೆ ದುರಾಸೆ ಇಲ್ಲ. ಅವು ಮನೆ ಕಾಯುವ ನಾಯಿಯ ಹಾಗೆ. ಯಾವುದೋ ಊರಲ್ಲಿ ಓದುತ್ತಿದ್ದ ಮನೆಮಗ ರಾತ್ರಿ ಬಸ್ಸಿಗೆ ಬಂದಿಳಿದರೆ ಅವನ ಕಾಲಿಗೇ ಬಾಯಿ ಹಾಕುವ ನಾಯಿ. ನಿಯತ್ತು ಪೂರ್ತಿ ಇದೆ. ಗುರುತು ತಪ್ಪಿದೆ.

ಆ ನಾಯಿಗೆ ಏನು ಮಾಡುತ್ತೀರಿ? ನಾವು ಡಾಕ್ಟರುಗಳು ಇವತ್ತಿಗೂ ಹೆಚ್ಚಾಗಿ ಮಾಡುವುದು ಅದಕ್ಕೆ ಮಂಪರು ಬರಿಸುವ ಕೆಲಸ. ಸ್ಟೀರಾಯ್ಡ್ ಮಾತ್ರೆಗಳು, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಬೇರೆ ಔಷಧಗಳು, ಇವೆಲ್ಲ ಅದನ್ನೇ ಮಾಡುತ್ತವೆ. ನಾಯಿ ಮನೆಮಗನನ್ನು ಕಚ್ಚುವುದಿಲ್ಲ, ನಿಜ. ಕಳ್ಳನನ್ನೂ ಕಚ್ಚುವುದಿಲ್ಲ. ಈ ಔಷಧ ತಿನ್ನುವವರಿಗೆ ಕ್ಷಯದಂಥ ಸೋಂಕುಗಳು ಸುಲಭವಾಗಿ ಅಂಟುವುದು ಅದಕ್ಕೇ.

ಇನ್ನೊಂದು ದಾರಿ ಇದೆ. ಹಾಲಿನವನನ್ನು ನೋಡಿ. ಮೊದಲ ದಿನ ನಾಯಿ ಬೊಗಳುತ್ತದೆ. ಅವನು ದಿನಾ ಅದೇ ಹೊತ್ತಿಗೆ ಬರುತ್ತಾನೆ. ಸದ್ದಿಲ್ಲದೆ ಹಾಲು ಕೊಟ್ಟು ಹೋಗುತ್ತಾನೆ. ಹತ್ತು ದಿನಕ್ಕೆ ನಾಯಿ ತಲೆಯನ್ನೂ ಎತ್ತುವುದಿಲ್ಲ. ಆದರೆ ಅಪರಿಚಿತ ಬಂದರೆ ಎದ್ದು ನಿಲ್ಲುತ್ತದೆ. ನಾಯಿಯ ಶಕ್ತಿ ಕುಗ್ಗಿಲ್ಲ. ಒಬ್ಬನ ವಿಷಯದಲ್ಲಿ ಮಾತ್ರ ಅದು ಸೈರಣೆ ಕಲಿತಿದೆ. ಪುಸ್ತಕದ ಭಾಷೆಯಲ್ಲಿ ಇದಕ್ಕೆ ಪ್ರತಿರಕ್ಷಣಾ ಸಹಿಷ್ಣುತೆ ಎನ್ನುತ್ತಾರೆ. ನನಗೆ ಸೈರಣೆ ಎಂಬ ಮಾತೇ ಹತ್ತಿರ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಆಟೋಇಮ್ಯೂನ್ ಕಾಯಿಲೆ ಎಂದರೆ ಗುರುತು ತಪ್ಪಿದ ಕಾವಲು. ಅದನ್ನು ಮಂಪರುಗೊಳಿಸುವುದು ಒಂದು ದಾರಿ, ಸೈರಣೆ ಕಲಿಸುವುದು ಇನ್ನೊಂದು. ಈಗ ಬರುವ ಪ್ರಶ್ನೆ, ಆ ಸೈರಣೆಯನ್ನು ಕಲಿಸಲು ಮೂಗೇ ಏಕೆ?

ಮೂಗಿನ ದಿನಚರಿಯನ್ನು ನೋಡಿ. ಒಂದು ದಿನಕ್ಕೆ ಸುಮಾರು 10 ಸಾವಿರ ಲೀಟರ್ ಗಾಳಿ ಒಳಗೆ ಹೋಗುತ್ತದೆ. ಅದರ ಜೊತೆಗೆ ರಸ್ತೆಯ ಧೂಳು, ಹೂವಿನ ಪರಾಗ, ಒಗ್ಗರಣೆಯ ಘಾಟು, ಬೆಕ್ಕಿನ ಕೂದಲ ಹುಡಿ. ಎಲ್ಲವೂ ಪರಕೀಯ ವಸ್ತುಗಳೇ. ಒಂದೊಂದಕ್ಕೂ ಮೈ ಯುದ್ಧಕ್ಕೆ ನಿಂತರೆ ನಾವು ಬದುಕುವಂತಿಲ್ಲ. ಕೆಲವರಿಗೆ ಕೆಲವು ವಸ್ತುಗಳಿಗೆ ಹಾಗೆ ಆಗುತ್ತದೆ. ಅದನ್ನೇ ಅಲರ್ಜಿ ಎನ್ನುತ್ತೇವೆ. ಬೆಂಗಳೂರಿನ ಕೇಳುಗರಿಗೆ ನಾನು ಅದನ್ನು ವಿವರಿಸಬೇಕಾಗಿಲ್ಲ. ಆದರೆ ಬಹುಪಾಲು ಜನರ ಮೂಗು ಬಹುಪಾಲು ವಸ್ತುಗಳನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ಸುಮ್ಮನಿರುವುದು ಮೂಗಿನ ಹುಟ್ಟುಗುಣ.

ಈ ಸುಮ್ಮನಿರುವಿಕೆ ಸೋಮಾರಿತನ ಅಲ್ಲ. ಅದರ ಹಿಂದೆ ಒಂದು ವ್ಯವಸ್ಥೆ ಇದೆ. ಮೂಗಿನ ಒಳಪೊರೆಯಲ್ಲಿ ಕೈಬೆರಳುಗಳಂತೆ ಚಾಚುಗಳಿರುವ ಕಣಗಳು ಹರಡಿಕೊಂಡಿವೆ. ಒಳಗೆ ಬಂದ ವಸ್ತುವಿನ ಒಂದು ಚೂರನ್ನು ಅವು ಹಿಡಿಯುತ್ತವೆ. ಹಿಡಿದುಕೊಂಡು ಕುತ್ತಿಗೆಯ ದುಗ್ಧ ಗ್ರಂಥಿಗಳಿಗೆ ಒಯ್ಯುತ್ತವೆ. ಗಂಟಲು ನೋವು ಬಂದಾಗ ದವಡೆಯ ಕೆಳಗೆ ಕೈಗೆ ಸಿಗುವ ಗಂಟುಗಳಿವೆಯಲ್ಲ, ಅವೇ. ಅಲ್ಲಿ ಬಿಳಿ ರಕ್ತಕಣಗಳ ಒಂದು ಜಾತಿಯಾದ ಟಿ ಕಣಗಳು ಕಾದಿರುತ್ತವೆ. ತಂದ ಚೂರನ್ನು ಅವಕ್ಕೆ ತೋರಿಸಲಾಗುತ್ತದೆ. ಜೊತೆಯಲ್ಲಿ ಗಾಯ, ಉರಿ, ರೋಗಾಣುವಿನ ವಾಸನೆ ಏನೂ ಇಲ್ಲದಿದ್ದರೆ, ಅಲ್ಲಿ ಕೊಲ್ಲುವ ಕಣಗಳ ಬದಲು ಸಮಾಧಾನ ಹೇಳುವ ಕಣಗಳು ತಯಾರಾಗುತ್ತವೆ. ಆ ಕಣಗಳು ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತುತ್ತವೆ. ಅದೇ ವಸ್ತು ಎಲ್ಲಿ ಕಂಡರೂ ಅಲ್ಲಿ ಸುತ್ತಲಿನವರನ್ನು ಸುಮ್ಮನಿರಿಸುತ್ತವೆ.

ಕುತ್ತಿಗೆಯ ಆ ಗಂಟುಗಳು ಎಷ್ಟು ಮುಖ್ಯ ಎಂಬುದನ್ನು 1999ರಲ್ಲಿ ನೆದರ್ಲೆಂಡ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಅವರು ಕುತ್ತಿಗೆಯ ಗ್ರಂಥಿಗಳನ್ನು ತೆಗೆದು, ಆ ಜಾಗದಲ್ಲಿ ಮೈಯ ಬೇರೆ ಕಡೆಯ ಗ್ರಂಥಿಗಳನ್ನು ಕಸಿ ಮಾಡಿದರು. ಮೂಗು ಅದೇ, ಮೂಗಿಗೆ ಬಿಟ್ಟ ವಸ್ತುವೂ ಅದೇ. ಸೈರಣೆ ಮಾತ್ರ ಹುಟ್ಟಲಿಲ್ಲ. ಅಂದರೆ ಪಾಠ ನಡೆಯುವುದು ಮೂಗಿನಲ್ಲಲ್ಲ, ಕುತ್ತಿಗೆಯಲ್ಲಿ. ಮೂಗು ಬಾಗಿಲು. ಶಾಲೆ ಅದರ ಕೆಳಗಿದೆ.

ಸಮಾಧಾನ ಹೇಳುವ ಕಣಗಳು ಅಂದೆನಲ್ಲ, ಅವು ಇವೆ ಎಂದು ಬಹಳ ಕಾಲ ಹೆಚ್ಚಿನವರು ಒಪ್ಪಿರಲಿಲ್ಲ. 1995ರಲ್ಲಿ ಜಪಾನಿನ ಶಿಮೋನ್ ಸಾಕಾಗುಚಿ ಅವುಗಳ ಗುರುತನ್ನು ಪತ್ತೆ ಮಾಡಿದರು. ಈ ಕಣಗಳನ್ನು ಬೇರ್ಪಡಿಸಿ ತೆಗೆದು, ಉಳಿದ ಟಿ ಕಣಗಳನ್ನಷ್ಟೇ ಇಲಿಗೆ ಕೊಟ್ಟರು. ಇಲಿಯ ಮೈ ಅದರ ಮೇಲೇ ತಿರುಗಿ ಬಿತ್ತು. ಈ ಕಣಗಳನ್ನು ವಾಪಸು ಕೊಟ್ಟರೆ ಹಾಗಾಗಲಿಲ್ಲ. 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಈ ಕೆಲಸಕ್ಕೆ ಬಂತು. ಸಾಕಾಗುಚಿಯವರ ಜೊತೆಗೆ ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅದನ್ನು ಹಂಚಿಕೊಂಡರು.

ನೆನಪಿಡಿ, ಅದೇ ಮೂಗಿನಿಂದ ಯುದ್ಧವನ್ನೂ ಕಲಿಸಬಹುದು. ಕೋವಿಡ್ ಕಾಲದಲ್ಲಿ ಹೈದರಾಬಾದಿನಲ್ಲಿ ತಯಾರಾದ ಇನ್ಕೋವ್ಯಾಕ್ ಮೂಗಿಗೆ ಬಿಡುವ ಲಸಿಕೆಯಾಗಿತ್ತು. ಲಸಿಕೆಯಲ್ಲಿ ರೋಗಾಣುವಿನ ಗದ್ದಲವೂ ಸ್ವಲ್ಪ ಬೆರೆತಿರುತ್ತದೆ. ಹಾಲಿನವನು ದೊಣ್ಣೆ ಹಿಡಿದು ಕೂಗುತ್ತಾ ಬಂದ ಹಾಗೆ. ಗದ್ದಲ ಇದ್ದರೆ ನಾಯಿ ಬೊಗಳುವುದನ್ನು ಕಲಿಯುತ್ತದೆ. ಗದ್ದಲ ಇಲ್ಲದಿದ್ದರೆ ಮಲಗುವುದನ್ನು.

ಬಾಯಿಯ ದಾರಿ ಯಾಕಿಲ್ಲ ಎಂದು ನೀವು ಕೇಳಬಹುದು. ಅದು ಇನ್ನೂ ಹಳೆಯ ದಾರಿ. 1911ರಲ್ಲಿ ಅಮೆರಿಕದ ವೆಲ್ಸ್ ಎಂಬ ವಿಜ್ಞಾನಿ ಗಿನಿಯಿಲಿಗಳಿಗೆ ಕೋಳಿಮೊಟ್ಟೆಯ ಬಿಳಿಭಾಗವನ್ನು ತಿನ್ನಿಸಿದ. ಆಮೇಲೆ ಅದನ್ನೇ ಚುಚ್ಚಿದರೂ ಅವು ಸಾಯಲಿಲ್ಲ. ತಿನ್ನದೆ ಇದ್ದವು ಅಲರ್ಜಿಯ ಆಘಾತಕ್ಕೆ ಸತ್ತವು. 1990ರ ದಶಕದಲ್ಲಿ ಬಾಸ್ಟನ್ನಿನ ಹೋವರ್ಡ್ ವೈನರ್ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಿಗೆ ದನದ ನರದ ಹೊದಿಕೆಯ ಪುಡಿಯನ್ನು ನುಂಗಿಸಿದರು. 30 ಜನರಲ್ಲಿ ಆಸೆ ಹುಟ್ಟಿಸಿದ್ದು, 500ಕ್ಕೂ ಹೆಚ್ಚು ಜನರಲ್ಲಿ ಸೋತಿತು. ಹೊಟ್ಟೆಯಲ್ಲಿ ಆಮ್ಲ ಇದೆ, ಜೀರ್ಣರಸ ಇದೆ. ಪ್ರೋಟೀನು ಎಷ್ಟು ಉಳಿಯುತ್ತದೆ, ಎಷ್ಟು ಅರಗುತ್ತದೆ, ಲೆಕ್ಕ ಸಿಗುವುದಿಲ್ಲ. ಮೂಗಿನಲ್ಲಿ ಆ ಗೋಜಿಲ್ಲ. ಜಾಗವೂ ಚಿಕ್ಕದು. ಕರುಳಿನ ಒಳಮೈಯನ್ನು ಬಿಡಿಸಿ ಹಾಸಿದರೆ ಒಂದು ದೊಡ್ಡ ಹಜಾರದ ನೆಲದಷ್ಟಾಗುತ್ತದೆ. ಮೂಗಿನದು ಒಂದು ಪೋಸ್ಟ್ ಕಾರ್ಡಿಗಿಂತ ತುಸು ದೊಡ್ಡದು, ಅಷ್ಟೆ. ಇಲಿಗಳಲ್ಲಿ ಬಾಯಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಬೇಕಾದದ್ದು ಮೂಗಿಗೆ ಮೈಕ್ರೊಗ್ರಾಂ ಲೆಕ್ಕದಲ್ಲಿ ಸಾಕಾಯಿತು.

ಸರಿ, ಇಷ್ಟಾಯಿತು. ಮೂಗಿನಿಂದ ಬಂದದ್ದನ್ನು, ಗದ್ದಲವಿಲ್ಲದೆ ಬಂದರೆ, ಮೈ ಸಹಿಸಿಕೊಳ್ಳುತ್ತದೆ. ಹಾಗಾದರೆ ಕಾಯಿಲೆಯಲ್ಲಿ ಮೈ ಯಾವ ವಸ್ತುವನ್ನು ದ್ವೇಷಿಸುತ್ತಿದೆಯೋ ಅದನ್ನೇ ಮೂಗಿಗೆ ಬಿಟ್ಟರೆ?

ಬಿಟ್ಟು ನೋಡಿದರು. 1993ರಲ್ಲಿ ಇಂಗ್ಲೆಂಡಿನಲ್ಲಿ ಮೆಟ್ಸ್ಲರ್ ಮತ್ತು ರೈತ್ ಎಂಬಿಬ್ಬರು ಇಲಿಗಳಿಗೆ ನರದ ಹೊದಿಕೆಯ ಪ್ರೋಟೀನಿನ ಒಂದು ತುಣುಕನ್ನು ಮೂಗಿನಿಂದ ಕೊಟ್ಟರು. ಆ ಇಲಿಗಳಿಗೆ ಆಮೇಲೆ ಮಿದುಳಿನ ಕಾಯಿಲೆ ಬರಿಸಲು ನೋಡಿದಾಗ ಆ ತುಣುಕು ಅದನ್ನು ತಡೆಯಿತು. ಅದೇ ತುಣುಕನ್ನು ಬಾಯಿಗೆ ಹಾಕಿದರೆ ಕೆಲಸ ಮಾಡಲಿಲ್ಲ.

ನಮ್ಮ ಹುಡುಗಿಯ ಕಾಯಿಲೆಗೂ ಒಂದು ಇಲಿ ಇದೆ. ಜಪಾನಿನಲ್ಲಿ ಸಿಕ್ಕ ತಳಿ. ಅದಕ್ಕೆ ಯಾರೂ ಏನೂ ಮಾಡದೆಯೇ, ಬೆಳೆಯುತ್ತ ಬೆಳೆಯುತ್ತ ಟೈಪ್ ಒನ್ ಸಕ್ಕರೆ ಕಾಯಿಲೆ ಬರುತ್ತದೆ. 1996ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಲೆನ್ ಹ್ಯಾರಿಸನ್ ಅವರ ತಂಡ ಈ ಇಲಿಗಳಿಗೆ ಇನ್ಸುಲಿನ್ ಮಂಜನ್ನು ಉಸಿರಾಡಿಸಿತು. ಸಕ್ಕರೆ ಕಾಯಿಲೆ ಬಂದ ಇಲಿಗಳ ಸಂಖ್ಯೆ ಇಳಿಯಿತು. ಅಷ್ಟೇ ಅಲ್ಲ. ಉಸಿರಾಡಿದ ಇಲಿಯ ಗುಲ್ಮದಿಂದ ಕೆಲವು ಟಿ ಕಣಗಳನ್ನು ತೆಗೆದು ಉಸಿರಾಡದ ಇಲಿಗೆ ಕೊಟ್ಟರೆ ಅದಕ್ಕೂ ರಕ್ಷಣೆ ಸಿಕ್ಕಿತು. ಅಂದರೆ ಒಂದು ಇಲಿ ಕಲಿತ ಸೈರಣೆಯನ್ನು ಇನ್ನೊಂದಕ್ಕೆ ದಾಟಿಸಬಹುದಿತ್ತು.

ಇಲ್ಲಿ ಒಂದು ಮಾತು. ಪತ್ರಿಕೆಗಳಲ್ಲಿ "ಮೂಗಿನ ಸ್ಪ್ರೇಯಿಂದ ಸಕ್ಕರೆ ಕಾಯಿಲೆ ಮಾಯ" ಎಂಬಂಥ ತಲೆಬರಹ ಕಂಡರೆ, ಕೆಳಗಿನ ಸಾಲುಗಳಲ್ಲಿ ಇಲಿ ಎಂಬ ಪದವನ್ನು ಹುಡುಕಿ. ಸಾಮಾನ್ಯವಾಗಿ ಮೂರನೇ ಪ್ಯಾರಾದಲ್ಲಿ ಅದು ಇಣುಕುತ್ತದೆ.

ಇಲಿಯಿಂದ ಮಕ್ಕಳಿಗೆ ಬರೋಣ. ಇದಕ್ಕೆ ನಾವು ಫಿನ್ಲೆಂಡಿಗೆ ಹೋಗಬೇಕು. ಯಾಕೆ ಫಿನ್ಲೆಂಡ್? ಜಗತ್ತಿನಲ್ಲಿ ಈ ಕಾಯಿಲೆ ಅತಿ ಹೆಚ್ಚು ಬರುವುದು ಅಲ್ಲಿನ ಮಕ್ಕಳಿಗೆ. ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಸುಮಾರು 60 ಹೊಸ ರೋಗಿಗಳು. ನಮ್ಮ ಕರ್ನಾಟಕದಲ್ಲಿ ಹತ್ತಾರು ವರ್ಷ ಇಟ್ಟ ದಾಖಲೆಯ ಪ್ರಕಾರ ಲಕ್ಷಕ್ಕೆ ಸುಮಾರು 4. ಅಲ್ಲಿ ಪ್ರತಿ ಬೀದಿಗೂ ಈ ಕಾಯಿಲೆ ಗೊತ್ತು. ಇಲ್ಲಿ ಹುಡುಗಿಯ ಶಾಲೆಯಲ್ಲಿ ಅವಳೊಬ್ಬಳೇ. ಟೀಚರಿಗೂ ಅವಳೇ ಹೇಳಿಕೊಡಬೇಕು, ಮಧ್ಯಾಹ್ನದ ಊಟಕ್ಕೆ ಮೊದಲು ತನಗೆ ಏನು ಮಾಡಬೇಕು ಅಂತ.

ಟುರ್ಕು, ಔಲು, ಟಾಂಪೆರೆ. ಇವು ಫಿನ್ಲೆಂಡಿನ ಮೂರು ಊರುಗಳು. ಅಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ 1994ರಿಂದ ಒಂದು ಕೆಲಸ ನಡೆಯಿತು. ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತವನ್ನು ಒಂದಿಷ್ಟು ತೆಗೆದಿಟ್ಟರು. ಆ ರಕ್ತದಲ್ಲಿ ಈ ಕಾಯಿಲೆಗೆ ಎಡೆಕೊಡುವ ವಂಶವಾಹಿಗಳಿವೆಯೇ ಎಂದು ನೋಡಿದರು. ಒಂದು ಲಕ್ಷ ಹದಿನಾರು ಸಾವಿರಕ್ಕೂ ಹೆಚ್ಚು ಮಕ್ಕಳು. ಅವರಲ್ಲಿ ಅಪಾಯ ಹೆಚ್ಚಿದ್ದವರು ಸುಮಾರು 17 ಸಾವಿರ. ಒಪ್ಪಿದ ತಂದೆತಾಯಿಯರ ಮಕ್ಕಳನ್ನು ಕೆಲವು ತಿಂಗಳಿಗೊಮ್ಮೆ ಕರೆಸಿ ರಕ್ತ ನೋಡುತ್ತ ಹೋದರು. ಮೈ ಇನ್ಸುಲಿನ್ ಕೋಶಗಳ ಮೇಲೆ ಕತ್ತಿ ಮಸೆಯಲು ಶುರು ಮಾಡಿದರೆ ರಕ್ತದಲ್ಲಿ ಅದರ ಸುಳಿವು ಸಿಗುತ್ತದೆ. ಆ ಸುಳಿವಿಗೆ ಪ್ರತಿಕಾಯ ಎಂದು ಹೆಸರು. ಸಕ್ಕರೆ ಇನ್ನೂ ಸರಿಯಾಗಿಯೇ ಇರುತ್ತದೆ. ಮಗು ಆಡಿಕೊಂಡಿರುತ್ತದೆ. ಒಳಗೆ ಮಾತ್ರ ಜಗಳ ಶುರುವಾಗಿರುತ್ತದೆ.

ಇಂಥ ಎರಡು ಅಥವಾ ಹೆಚ್ಚು ಪ್ರತಿಕಾಯಗಳು ಮತ್ತೆ ಮತ್ತೆ ಕಂಡ ಮಕ್ಕಳನ್ನು ಆರಿಸಿದರು. ಅವರ ಅಣ್ಣ ತಮ್ಮ ಅಕ್ಕ ತಂಗಿಯರನ್ನೂ ಸೇರಿಸಿ 264 ಮಕ್ಕಳು. ಅರ್ಧದಷ್ಟು ಮಕ್ಕಳ ಮೂಗಿಗೆ ದಿನಕ್ಕೊಮ್ಮೆ ಇನ್ಸುಲಿನ್. ಇನ್ನರ್ಧ ಮಕ್ಕಳಿಗೆ ನೋಡಲು ಹಾಗೇ ಇರುವ, ಇನ್ಸುಲಿನ್ ಇಲ್ಲದ ದ್ರವ. ಯಾರಿಗೆ ಯಾವುದು ಎಂದು ತಾಯಿಗೂ ಗೊತ್ತಿಲ್ಲ, ನೋಡಿಕೊಳ್ಳುವ ಡಾಕ್ಟರಿಗೂ ಗೊತ್ತಿಲ್ಲ.

ಆ ಮನೆಗಳ ಬೆಳಗನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ. ಚಳಿಗಾಲದಲ್ಲಿ ಅಲ್ಲಿ ಒಂಬತ್ತು ಗಂಟೆಯಾದರೂ ಕತ್ತಲೆ. ಎರಡು ವರ್ಷದ ಮಗು. ಮೂಗಿಗೆ ಏನು ಹಾಕಿಸಿಕೊಳ್ಳಲೂ ಒಪ್ಪದ ವಯಸ್ಸು. ನೆಗಡಿಯಾದ ದಿನ ಇನ್ನೂ ಕಷ್ಟ. ಮಗುವಿಗೆ ನೋವಿಲ್ಲ, ಕಾಯಿಲೆ ಎಂದು ಹೇಳುವಂಥದ್ದೂ ಇಲ್ಲ. ಆದರೂ ಆ ತಾಯಿ ತಪ್ಪದೆ ಹಾಕುತ್ತಾಳೆ. ತಾನು ಹಾಕುತ್ತಿರುವುದು ಬರೀ ನೀರೂ ಆಗಿರಬಹುದು ಎಂದು ಗೊತ್ತಿದ್ದೂ ಹಾಕುತ್ತಾಳೆ. ಸುಮಾರು ಎರಡು ವರ್ಷ ಹೀಗೆ ನಡೆಯಿತು.

2008ರಲ್ಲಿ ಫಲಿತಾಂಶ ಬಂತು. ಹುಟ್ಟಿನಿಂದ ಗಮನಿಸಿದ್ದ ಮಕ್ಕಳ ಲೆಕ್ಕ ಹೇಳುತ್ತೇನೆ, ನಿಧಾನವಾಗಿ ಕೇಳಿ. ಇನ್ಸುಲಿನ್ ಪಡೆದ 115 ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಬಂದದ್ದು 49 ಮಕ್ಕಳಿಗೆ. ಇನ್ಸುಲಿನ್ ಪಡೆಯದ 109 ಮಕ್ಕಳಲ್ಲಿ 47 ಮಕ್ಕಳಿಗೆ.

49 ಮತ್ತು 47. ವ್ಯತ್ಯಾಸವೇ ಇಲ್ಲ.

ಇಲಿಯಲ್ಲಿ ಕಲಿತ ಪಾಠವನ್ನು ಮಕ್ಕಳು ಯಾಕೆ ಕಲಿಯಲಿಲ್ಲ? ಈ ಪ್ರಶ್ನೆಗೆ ಹೋಗುವ ಮೊದಲು ನಿಮ್ಮ ಮೂಗಿನಲ್ಲಿಟ್ಟ ಸ್ಯಾಕರಿನ್ ಚೂರನ್ನು ನೆನಪಿಸಿಕೊಳ್ಳಿ. ನಾನು ಮಾತು ಶುರು ಮಾಡಿ ಕಾಲು ಗಂಟೆ ಮೀರಿದೆ. ಅದು ನಿಜವಾಗಿಯೂ ಅಲ್ಲಿದ್ದಿದ್ದರೆ ಈ ಹೊತ್ತಿಗೆ ನಿಮ್ಮ ನಾಲಗೆಗೆ ಸಿಹಿ ಸಿಕ್ಕಿರುತ್ತಿತ್ತು. ಮೂಗಿನ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳ ಗದ್ದೆಯೇ ಇದೆ. ಗಾಳಿಗೆ ಭತ್ತದ ಪೈರು ಬಾಗುವಂತೆ ಅವು ಹಿಂದಕ್ಕೆ ಹಿಂದಕ್ಕೆ ಬಾಗುತ್ತಲೇ ಇರುತ್ತವೆ. ಮೂಗಿಗೆ ಬಿದ್ದದ್ದೆಲ್ಲವನ್ನೂ ಸಿಂಬಳದ ಜೊತೆಗೆ ಗಂಟಲಿಗೆ ಗುಡಿಸುತ್ತವೆ. ಹತ್ತರಿಂದ ಇಪ್ಪತ್ತು ನಿಮಿಷದ ಕೆಲಸ. ಮೂಗಿಗೆ ಹಾಕಿದ ಯಾವ ಪಾಠಕ್ಕೂ ಸಿಗುವ ಪೀರಿಯಡ್ ಅಷ್ಟೇ. ಶಾಲೆಯ ಪೀರಿಯಡ್ಡಿಗಿಂತ ಚಿಕ್ಕದು.

ಹಾಗಾದರೆ ಅಳತೆ ಸಾಲಲಿಲ್ಲವೇ? ಕೆಲವರು ಹಾಗೆಂದರು. ಮೆಲ್ಬರ್ನಿನವರು ಅಳತೆ ಹೆಚ್ಚಿಸಿ ಇನ್ನೊಂದು ಪ್ರಯೋಗ ಮಾಡಿದರು. ಅಪಾಯದ ಅಂಚಿನಲ್ಲಿದ್ದ ಸುಮಾರು 110 ಮಂದಿ ಮಕ್ಕಳು ಮತ್ತು ತರುಣರು. ಮೊದಲ ವಾರ ದಿನಾ, ಆಮೇಲೆ ವಾರಕ್ಕೊಮ್ಮೆ, ಒಂದು ವರ್ಷ. ಆಮೇಲೆ ಅದರ ವರದಿ ಬಂತು. ತೊಂದರೆ ಏನೂ ಆಗಲಿಲ್ಲ. ಆದರೆ ಅದು ಕಾಯಿಲೆಯನ್ನೂ ತಡೆಯಲಿಲ್ಲ.

ಈ ಎರಡು ಸೋಲುಗಳ ನಡುವೆ ಇನ್ನೊಂದು ಪ್ರಯೋಗ ಇದೆ. ಹೆಚ್ಚು ಜನ ಅದನ್ನು ಗಮನಿಸುವುದಿಲ್ಲ. ನನಗೆ ಇಡೀ ಕಥೆಯ ತಿರುಳು ಅಲ್ಲಿದೆ ಅನ್ನಿಸುತ್ತದೆ. 2011ರಲ್ಲಿ ಅದೇ ಮೆಲ್ಬರ್ನಿನಿಂದ ಬಂದದ್ದು. ಸುಮಾರು 50 ಮಂದಿ ದೊಡ್ಡವರು. ಕಾಯಿಲೆ ಆಗಲೇ ಶುರುವಾಗಿತ್ತು. ಆದರೆ ಇನ್ಸುಲಿನ್ ಚುಚ್ಚುವ ಹಂತ ಇನ್ನೂ ಬಂದಿರಲಿಲ್ಲ. ಅರ್ಧ ಜನರ ಮೂಗಿಗೆ ಒಂದು ವರ್ಷ ಇನ್ಸುಲಿನ್ ಬಿಟ್ಟರು. ಅವರ ಇನ್ಸುಲಿನ್ ಕೋಶಗಳು ಉಳಿಯಲಿಲ್ಲ. ಉಳಿದವರಲ್ಲಿ ಹಾಳಾದ ಹಾಗೆಯೇ ಅವರಲ್ಲೂ ಹಾಳಾದವು. ಎರಡೂ ಗುಂಪಿನಲ್ಲಿ ಹಲವರಿಗೆ ಸೂಜಿ ಬೇಕಾಗುತ್ತ ಬಂತು.

ಆಗ ಒಂದು ವಿಚಿತ್ರ ಕಂಡಿತು. ಹೊರಗಿನಿಂದ ಇನ್ಸುಲಿನ್ ಚುಚ್ಚತೊಡಗಿದರೆ ಮೈ ಅದಕ್ಕೆ ವಿರುದ್ಧವಾಗಿ ಪ್ರತಿಕಾಯಗಳನ್ನು ಹುಟ್ಟಿಸುವುದು ಸಹಜ. ಮೂಗಿಗೆ ಇನ್ಸುಲಿನ್ ಇಲ್ಲದ ದ್ರವ ಬಿಟ್ಟಿದ್ದ ಉಳಿದರ್ಧ ಜನರಲ್ಲಿ ಹಾಗೇ ಆಯಿತು. ಮೂಗಿಗೆ ಇನ್ಸುಲಿನ್ ಬಿಟ್ಟಿದ್ದವರಲ್ಲಿ ಆ ಪ್ರತಿಕಾಯಗಳು ಅಷ್ಟಾಗಿ ಏಳಲಿಲ್ಲ. ಅವರ ಮೈ ಇನ್ಸುಲಿನ್ನನ್ನು ಗುರುತು ಹಿಡಿದಿತ್ತು. ಬೊಗಳಲಿಲ್ಲ.

ಅಂದರೆ ಪಾಠ ಮನುಷ್ಯರಿಗೂ ಹತ್ತಿತು. ಕಲಿತದ್ದು ನಿಜ. ಆದರೆ ಕಲಿಯುವ ಹೊತ್ತಿಗೆ ಹಾನಿ ಆಗಿಹೋಗಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಅವರು ಹೇಳಿದ್ದು ಬೇರೆ ಮೂಗಿನ ವಿಷಯ. ಆದರೆ ಮೇದೋಜೀರಕ ಗ್ರಂಥಿಗೂ ಅದೇ ನ್ಯಾಯ. ಇನ್ನೊಂದು ತೊಡಕೂ ಇದೆ. ಜಗಳ ಶುರುವಾಗುವಾಗ ಒಂದೇ ವಸ್ತುವಿನ ಮೇಲೆ ಇರಬಹುದು. ಹಳೆಯದಾದಂತೆ ಅದು ಹಬ್ಬುತ್ತದೆ. ಇನ್ಸುಲಿನ್ ಮೇಲಿದ್ದ ಸಿಟ್ಟು ಆ ಕೋಶದ ಇನ್ನಿತರ ಪ್ರೋಟೀನುಗಳ ಮೇಲೂ ಹೊರಳುತ್ತದೆ. ಫಿನ್ಲೆಂಡಿನ ಮಕ್ಕಳಲ್ಲಿ ಎರಡು ಮೂರು ಪ್ರತಿಕಾಯಗಳು ಆಗಲೇ ಇದ್ದವು ಎಂದೆನಲ್ಲ. ಹಾಲಿನವನೊಬ್ಬನನ್ನು ಪರಿಚಯ ಮಾಡಿಸಿದರೆ, ಆಗಲೇ ಬೀದಿಯವರನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತಿರುವ ನಾಯಿ ನಿಲ್ಲುತ್ತದೆಯೇ?

ಈವರೆಗಿನದನ್ನು ಮತ್ತೊಮ್ಮೆ ಹೇಳುತ್ತೇನೆ. ಇಲಿಯಲ್ಲಿ ಮೂಗಿನ ಪಾಠ ಗೆದ್ದಿತು. ಮಕ್ಕಳಲ್ಲಿ ಕಾಯಿಲೆಯನ್ನು ತಡೆಯಲಿಲ್ಲ. ಆದರೆ ಮನುಷ್ಯರ ಮೈಯೂ ಮೂಗಿನಿಂದ ಕಲಿಯುತ್ತದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತು. ಕಾಲ ಮೀರಿತ್ತು, ಹಗೆಯೂ ಒಂದಲ್ಲ ಹಲವಾಗಿತ್ತು.

ಈ ಎರಡನೇ ತೊಡಕನ್ನು ದಾಟಲು ಈಗ ಕೆಲವರು ಬೇರೆ ಉಪಾಯ ಹಿಡಿದಿದ್ದಾರೆ. ಯಾವ ವಸ್ತುವಿನ ಮೇಲೆ ಸಿಟ್ಟು ಎಂದು ಹುಡುಕುವ ಗೋಜೇ ಬೇಡ, ಟಿ ಕಣವನ್ನೇ ನೇರವಾಗಿ ಮಾತಾಡಿಸೋಣ ಎಂಬುದು ಅವರ ವಾದ. ಎಲ್ಲ ಟಿ ಕಣಗಳ ಮೈಮೇಲೂ ಸಿಡಿ ತ್ರೀ ಎಂಬ ಒಂದು ಗುಬುಟು ಇದೆ. ಅದಕ್ಕೆ ಅಂಟುವ ಔಷಧ ಹಳೆಯದೇ. 1986ರಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡವರಿಗಾಗಿ ಬಂತು. ರಕ್ತಕ್ಕೆ ಕೊಟ್ಟರೆ ಜ್ವರ, ನಡುಕ, ಮೈಯಲ್ಲೆಲ್ಲ ಕೋಲಾಹಲ ಎಬ್ಬಿಸುತ್ತಿತ್ತು. ಅದನ್ನು ಪಳಗಿಸಿ ಮಾಡಿದ ಟೆಪ್ಲಿಜುಮಾಬ್ ಎಂಬ ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎರಡು ವಾರ ರಕ್ತನಾಳಕ್ಕೆ ಕೊಡಬೇಕು. ಟೈಪ್ ಒನ್ ಸಕ್ಕರೆ ಕಾಯಿಲೆಯನ್ನು ಅದು ಸುಮಾರು ಎರಡು ವರ್ಷ ಮುಂದೂಡುತ್ತದೆ. ಎರಡು ವರ್ಷ ಎಂದರೆ ಕಡಿಮೆ ಅನ್ನಿಸಬಹುದು. ದಿನಕ್ಕೆ ನಾಲ್ಕರಂತೆ ಲೆಕ್ಕ ಹಾಕಿ, ಸುಮಾರು 3 ಸಾವಿರ ಚುಚ್ಚು ತಪ್ಪುತ್ತದೆ.

ಇದೇ ಜಾತಿಯ ಫೊರಾಲುಮಾಬ್ ಎಂಬ ಇನ್ನೊಂದು ಔಷಧವನ್ನು ಬಾಸ್ಟನ್ನಿನಲ್ಲಿ ಮೂಗಿಗೆ ಬಿಟ್ಟು ನೋಡುತ್ತಿದ್ದಾರೆ. ಹಿಂದೆ ಬಾಯಿಯ ದಾರಿಯಲ್ಲಿ ಸೋತ ಅದೇ ವೈನರ್ ಅವರ ತಂಡ. ಮೂವತ್ತು ವರ್ಷ ಒಂದೇ ಪ್ರಶ್ನೆಯ ಹಿಂದೆ ಬಿದ್ದ ಮನುಷ್ಯ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ನಿಧಾನವಾಗಿ ಕುಗ್ಗುತ್ತ ಹೋಗುವ ಹಂತದ ರೋಗಿಗಳಿಗೆ ಇದನ್ನು ಕೊಟ್ಟಿದ್ದಾರೆ. ಮೊದಲಿಗೆ ಕೊಟ್ಟದ್ದು ಬೆರಳೆಣಿಕೆಯ ಜನರಿಗೆ. ಅವರಲ್ಲಿ ಹೆಚ್ಚಿನವರ ಮಿದುಳಿನ ಉರಿಯೂತ ತಗ್ಗಿದಂತೆ ಸ್ಕ್ಯಾನಿನಲ್ಲಿ ಕಂಡಿತು. ಕೋವಿಡ್ ಕಾಲದಲ್ಲಿ ಬ್ರೆಜಿಲಿನಲ್ಲಿ ಸುಮಾರು 40 ರೋಗಿಗಳ ಒಂದು ಪ್ರಯೋಗದಲ್ಲೂ ಇದೇ ಔಷಧವನ್ನು ಮೂಗಿನಿಂದ ಕೊಟ್ಟು ಶ್ವಾಸಕೋಶದ ಉರಿ ಬೇಗ ಇಳಿದದ್ದನ್ನು ವರದಿ ಮಾಡಿದರು. ಎಣಿಕೆ ಚಿಕ್ಕದು. ಬಾಯಿಯ ದಾರಿಯ ಕಥೆ ಕೇಳಿದಿರಲ್ಲ, 30 ಜನರಲ್ಲಿ ಗೆದ್ದದ್ದು 500 ಜನರಲ್ಲಿ ಸೋತಿತ್ತು. ಅದನ್ನು ನೋಡಿದ ನಾನು 10 ಜನರ ಸುದ್ದಿಗೆ ಚಪ್ಪಾಳೆ ತಟ್ಟಲಾರೆ. ಕಿವಿಯಂತೂ ಕೊಟ್ಟಿದ್ದೇನೆ.

ಮೂಗು ಎಂದ ಕೂಡಲೆ ಕೆಲವು ಕೇಳುಗರು ನಮ್ಮ ಆಯುರ್ವೇದದ ನಸ್ಯ ಕರ್ಮವನ್ನು ನೆನಪಿಸಿಕೊಂಡಿರಬಹುದು. ಮೂಗಿಗೆ ಎಣ್ಣೆ ಬಿಡುವ ಪದ್ಧತಿ ಬಹಳ ಹಳೆಯದು, ನಿಜ. ಆದರೆ ಅದಕ್ಕೂ ನಾನು ಹೇಳುತ್ತಿರುವುದಕ್ಕೂ ದಾರಿ ಒಂದೇ, ಊರು ಬೇರೆ. ನಮ್ಮ ತಾತ ನಶ್ಯದ ಡಬ್ಬಿ ತೆಗೆದು ಎರಡು ಬೆರಳಿನಲ್ಲಿ ಏರಿಸುತ್ತಿದ್ದರು. ಅದೂ ಮೂಗಿನ ದಾರಿಯೇ. ಅದರಿಂದ ಅವರು ಕಲಿತದ್ದು ಸೀನುವುದನ್ನು ಮಾತ್ರ.

ತಮಾಷೆ ಸಾಕು. ಮೂಗು ಮಿದುಳಿನ ಪಕ್ಕದ ಮನೆ. ಅಲ್ಲಿ ಏನೇನನ್ನೋ ಹಾಕುವಂತಿಲ್ಲ. 2000ನೇ ಇಸವಿಯ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮೂಗಿಗೆ ಬಿಡುವ ಒಂದು ಫ್ಲೂ ಲಸಿಕೆ ಮಾರಾಟಕ್ಕೆ ಬಂತು. ಪಾಠ ಜೋರಾಗಿರಲಿ ಎಂದು ಅದರಲ್ಲಿ ಒಂದು ಬ್ಯಾಕ್ಟೀರಿಯಾದ ವಿಷವನ್ನು ಅತಿ ಸಣ್ಣ ಅಳತೆಯಲ್ಲಿ ಸೇರಿಸಿದ್ದರು. ಹಾಕಿಸಿಕೊಂಡ ಕೆಲವರಿಗೆ ಮುಖದ ಒಂದು ಪಕ್ಕ ಸೊಟ್ಟಗಾಯಿತು. ಮುಖದ ನರ ಸೋತಿತ್ತು. ಲಸಿಕೆಯನ್ನು ಹಿಂತೆಗೆದುಕೊಂಡರು. ಆದ್ದರಿಂದ ಇವತ್ತು ಈ ಮಾತು ಕೇಳಿ ಯಾರೂ ಮನೆಯಲ್ಲಿರುವ ಇನ್ಸುಲಿನ್ ಸೀಸೆಯನ್ನು ಮೂಗಿನ ಹತ್ತಿರ ತರಬೇಡಿ. ಚುಚ್ಚುವ ಇನ್ಸುಲಿನ್ನನ್ನು ಒಂದು ಹೊತ್ತೂ ಬಿಡಬೇಡಿ. ಟೈಪ್ ಒನ್ ಇರುವ ಮಗುವಿಗೆ ಅದು ಔಷಧವಲ್ಲ, ಅನ್ನ.

ಆ ಹುಡುಗಿಗೆ ಒಬ್ಬ ತಮ್ಮ ಇದ್ದಾನೆ. ನಾಲ್ಕು ವರ್ಷ. ಅಕ್ಕನ ಜೊತೆ ಆಸ್ಪತ್ರೆಗೆ ಬಂದು ನನ್ನ ಮೇಜಿನ ಮೇಲಿನ ಸ್ಟೆತಸ್ಕೋಪಿನ ಜೊತೆ ಆಡುತ್ತಾನೆ. ಈ ಕಥೆಯಲ್ಲಿ ಹೇಳಿದ್ದೆಲ್ಲ ಮುಂದೊಂದು ದಿನ ಕೈಗೂಡಿದರೆ, ಅದು ಅವನಂಥವರಿಗೆ. ಇನ್ನೂ ಒಳಜಗಳ ಹಚ್ಚಿಕೊಳ್ಳದವರಿಗೆ, ಅಥವಾ ಈಗಷ್ಟೇ ಹಚ್ಚಿಕೊಂಡವರಿಗೆ. ಅಕ್ಕನಿಗಲ್ಲ. ಇದನ್ನು ಅವರ ತಾಯಿಗೆ ಹೇಳುವುದು ಹೇಗೆ ಎಂದು ನಾನು ಹೋದ ಸಲ ಸ್ವಲ್ಪ ತಡವರಿಸಿದೆ. ಆಕೆಗೆ ಅರ್ಥವಾಯಿತು ಅಂತ ಕಾಣುತ್ತದೆ. "ಇವನಿಗೂ ಬರುತ್ತಾ ಡಾಕ್ಟ್ರೆ?" ಅಂದಳು. "ಬರಲೇಬೇಕು ಅಂತೇನಿಲ್ಲಮ್ಮ, ಅಕ್ಕನಿಗೆ ಇದ್ರೂ ತಮ್ಮಂದಿರಿಗೆ ಬಾರದೆ ಇರೋದೇ ಹೆಚ್ಚು. ಬಾಯಾರಿಕೆ ಜಾಸ್ತಿ ಆದ್ರೆ, ರಾತ್ರಿ ಹಾಸಿಗೆ ಒದ್ದೆ ಮಾಡೋಕೆ ಮತ್ತೆ ಶುರು ಮಾಡಿದ್ರೆ, ಸಣ್ಣಗಾದ್ರೆ, ಅವತ್ತೇ ಕರ್ಕೊಂಡು ಬಾ. ನಾಳೆ ಅನ್ಬೇಡ" ಅಂದೆ.

ಹುಡುಗಿ ಗಡಿಯಾರ ನೋಡಿದಳು. ಊಟದ ಹೊತ್ತಾಗಿತ್ತು. ಪಾಟಿಚೀಲದಿಂದ ಸಿರಿಂಜು ತೆಗೆದು, ತಾನೇ ಅಳತೆ ನೋಡಿ, ಲಂಗದ ನೆರಿಗೆ ಸರಿಸಿ ತೊಡೆಗೆ ಚುಚ್ಚಿಕೊಂಡಳು. ತಮ್ಮ ಕಣ್ಣು ಮುಚ್ಚಿಕೊಂಡ. ಅವಳು ಮುಚ್ಚಲಿಲ್ಲ.